ಬಾಯಿಗೆ ಬಾರದ ಎಂಟಕ್ಷರ

"ನಾ ಗ್ವಾಡಿ ಕಡಿ ತಿರುಗ್ತೀನ್ರಿ. ನೀವು ಪಾಸ್‌ವರ್ಡ್ ಒತ್ರಿ."

ದತ್ತಾತ್ರಿ ನಿಜವಾಗಿಯೂ ಗೋಡೆಗೆ ಮುಖ ಮಾಡಿ ನಿಂತ. ಇಷ್ಟು ಮರ್ಯಾದೆ ಕಂಡು ಸುಂದರಬಾಯಿಗೆ ಹಿತವೆನಿಸಬೇಕಿತ್ತು... ಏನೂ ಆಗಲಿಲ್ಲ.

೧೯೮೭ನೇ ಇಸವಿ. ಹುಮ್ನಾಬಾದಿನ ಬೀಜದ ಕಂಪನಿಗೆ ಸರ್ವರ್ ಕಂಪ್ಯೂಟರ್ ಬಂದಿತ್ತು. ಅದನ್ನು ಹೊಂದಿಸಲು ಬಂದವನು ಮಾಣಿಕನಗರದ ದತ್ತಾತ್ರಿ. ಕಲಿತು ನೋಡಿಕೊಳ್ಳಬೇಕಾದವಳು ರಾಜೇಶ್ವರದಿಂದ ದಿನಾ ಬಸ್ಸಿಗೆ ಬರುವ ಟೈಪಿಸ್ಟ್ ಸುಂದರಬಾಯಿ.

ಎರಡು ವರ್ಷದ ಹಿಂದೆ ಅವಳಿಗೆ ಕುಂಕುಮ ಹಚ್ಚಿ ಮದುವೆ ಗೊತ್ತು ಮಾಡಿ ಹೋದ ಬೀಗರು ತಿರುಗಿ ಬರಲೇ ಇಲ್ಲ. ಅಂದಿನಿಂದ ಮನಸ್ಸಿಗೆ ಜೋಮು ಹಿಡಿದಿತ್ತು. ಉಣ್ಣುತ್ತಿದ್ದಳು, ಟೈಪ್ ಮಾಡುತ್ತಿದ್ದಳು, ಅಷ್ಟೇ.

ಅಂದು ಅವಳು ತಾನು ಒತ್ತಿದ್ದು ಊರ ಹೆಸರೆಂದು ಬಾಯಿಬಿಟ್ಟೇ ಹೇಳಿದಳು.

"ಊರ ಹೆಸರು ಇಟ್ರೇನು? ಅದನ್ನ ನಮ್ಮ ಸಂಗಪ್ಪ ಪ್ಯೂನನೂ ಊಹಿಸ್ತಾನ!" ದತ್ತಾತ್ರಿ ನಕ್ಕ. "ನಿಮ್ಮ ಬಾಯಿಂದ ಎಂದೂ ಹೊರಗ ಬರಬಾರ್ದು, ಅಂಥಾದ್ದು ಇಡ್ರಿ. ಎಂಟು ಅಕ್ಷರ ಸಾಕು."

ತಿಂಗಳು ಕಳೆಯಿತು. ಸೆಟಪ್ ಮೆನು ತೆರೆಯುವುದು, ತಾರೀಖು ತಿದ್ದುವುದು, ಪ್ರಿಂಟರ್ ಜೋಡಿಸುವುದು... ಅವನು ಒಂದನ್ನೇ ಹತ್ತು ಸಲ ಹೇಳಿಕೊಟ್ಟ. ಒಮ್ಮೆಯೂ ಸಿಡುಕಲಿಲ್ಲ. ಒಂದು ಮಧ್ಯಾಹ್ನ ಅವಳು ಸದ್ದಿಲ್ಲದೆ ಪಾಸ್‌ವರ್ಡ್ ಬದಲಿಸಿದಳು. ಅಂದಿನಿಂದ ಅವನನ್ನು ಹೆಸರು ಹಿಡಿದು ಕರೆಯುವುದನ್ನೂ ಬಿಟ್ಟಳು.

ಅವನು ಕಂಪ್ಯೂಟರಿನಲ್ಲಿ ಜಾಣ, ಉಳಿದದ್ದರಲ್ಲಿ ಅಷ್ಟಕ್ಕಷ್ಟೇ. ಸಂಗಪ್ಪನಿಗೆ 'ಸಂಗಪ್ಪನವ್ರ' ಎನ್ನುವವಳು ತನಗೆ ಬರೀ 'ಇಲ್ಲಿ ನೋಡ್ರಿ' ಎನ್ನುತ್ತಾಳೆ! ತನ್ನನ್ನು ಕಂಡರೆ ಆಗುವುದಿಲ್ಲ ಎಂದುಕೊಂಡ. ಕೇಳಿ ಬಸವಕಲ್ಯಾಣದ ಶಾಖೆಗೆ ವರ್ಗ ಮಾಡಿಸಿಕೊಂಡ.

ಕೊನೆಯ ದಿನ.

"ಪಾಸ್‌ವರ್ಡ್ ಬರೆದು ಲಕೋಟಿ ಮುಚ್ಚಿ ತಿಜೋರಿದಾಗ ಇಡಬೇಕ್ರಿ. ಕಾಯ್ದೆ ಅದ. ಹೇಳ್ರಿ, ಬರ್ಕೋತೀನಿ."

"ಹೇಳಾಕ ಬರಂಗಿಲ್ರಿ."

"ಯಾಕ್ರಿ? ನಾಳೆ ನಾ ಇರಂಗಿಲ್ಲ. ನನ್ನ ಮ್ಯಾಲ ಅಷ್ಟೂ ಭರೋಸಾ ಇಲ್ಲೇನು?"

ನಾಳೆ ಇರುವುದಿಲ್ಲ... ಜೋಮು ಬಿಡುವಾಗ ನೋಯುತ್ತದಲ್ಲ, ಹಾಗೆ ನೋಯಿತು ಅವಳಿಗೆ. 'ಈಗ ಸುಮ್ಮನಿದ್ದರೆ ಮತ್ತೆ ಕಲ್ಲಾಗುತ್ತೇನೆ!'

ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. ಇಂಗ್ಲಿಷಿನಲ್ಲಿ ಎಂಟು ಅಕ್ಷರ ಬರೆದು ಚೀಟಿ ಸರಿಸಿದಳು.

ಅವನು ಓದಿದ. ಮತ್ತೊಮ್ಮೆ ಓದಿದ.

"ಇದು... ನನ್ನ ಹೆಸರು. ದತ್ತಾತ್ರಿ. ಇದನ್ನ ಹೇಳಾಕ ಏನಾಗಿತ್ರಿ?"

"ಮನಿಯವರ ಹೆಸರು ಬಾಯ್ಲೆ ಯಾರರ ತಗೋತಾರೇನ್ರಿ?"

ಅವಳ ಕಣ್ಣು ತುಂಬಿತು. ಎರಡು ವರ್ಷದ ಮೇಲೆ ಅತ್ತಳು, ತಡೆಯಲಿಲ್ಲ.

ಅವನು ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ.

"ಲಕೋಟಿಗೆ ಬ್ಯಾರೆ ಪಾಸ್‌ವರ್ಡ್ ಇಡು, ಸುಂದರಾ. ಇದು ನನ್ನ ಹತ್ರ ಇರ್ಲಿ... ನಾಳೆ ಬಸವಕಲ್ಯಾಣದ ಬಸ್ಸು ರಾಜೇಶ್ವರದ ಮ್ಯಾಲೆ ಹೋಗ್ತದ. ನಿಮ್ಮಪ್ಪನ ಕಾಣಾಕ ಇಳೀಲೇನು?"

"ಇಳೀರಿ."

"ಬಂದಾಂವ ಯಾರಂತ ಕೇಳಿದ್ರ ಏನು ಹೇಳ್ತಿ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ನಾ ಹ್ಯಾಂಗ ಹೇಳ್ಲಿ? ಹೆಸರು ನೀವ ಹೇಳ್ರಿ!"