ನೋಟಿಸ್ ಬೋರ್ಡಿನ ಮೂವತ್ತು ದಿನ

ಟೆಂಡರ್ ಪ್ರಕಟಣೆಯನ್ನು ತುಸು ಬಲಕ್ಕೆ ಸರಿಸಿ, ಅದರಡಿ ಮುಚ್ಚಿಹೋಗಿದ್ದ ತನ್ನ ಕಾಗದವನ್ನು ಹೊರಗೆಳೆದು, ಸೆರಗಿಗೆ ಚುಚ್ಚಿಕೊಂಡು ತಂದಿದ್ದ ಗುಂಡುಪಿನ್ನನ್ನು ಸುಧಾಮಣಿ ಅದರ ಮೂಲೆಗೆ ಒತ್ತಿದಳು. ಪಿನ್ನು ಒಳಗಿಳಿಯಲಿಲ್ಲ. ಹಳೆಯ ಹಲಗೆ, ಎಷ್ಟೋ ಮದುವೆ ನೋಟಿಸುಗಳ ಮುರಿದ ಪಿನ್ನುಗಳು ಒಳಗೇ ಉಳಿದು ಗಟ್ಟಿಯಾಗಿದ್ದ ಹಲಗೆ. ಕೊಡೆಯ ಹಿಡಿಯಿಂದ ಎರಡು ಸಲ ಕುಟ್ಟಿದಳು. ನಿಂತಿತು.

ಅವತ್ತಿಗೆ ಹನ್ನೊಂದನೆಯ ದಿನ.

ಕಾಲೇಜಿನಿಂದ ಈ ನೋಂದಣಿ ಕಚೇರಿಗೆ ಜಯನಗರದ ಎರಡು ಅಡ್ಡರಸ್ತೆ ದಾಟಿದರೆ ಹತ್ತು ನಿಮಿಷ. ಊಟದ ಬಿಡುವಿನಲ್ಲಿ ಅರ್ಧ ಡಬ್ಬಿ ತಿಂದು ಬಂದು, ಕಾಗದ ಕಾಣುತ್ತಿದೆಯೇ ನೋಡಿ, ಎರಡು ಗಂಟೆಯ ರಾಜ್ಯಶಾಸ್ತ್ರದ ತರಗತಿಗೆ ವಾಪಸಾಗುವುದು ಅವಳ ದಿನಚರಿಯಾಗಿತ್ತು.

"ಬೇರೆಯವ್ರು ಇದನ್ನ ಮುಚ್ಚಿಬಿಡಿ ಅಂತ ಕೈ ಮುಗೀತಾರೆ ಮೇಡಂ," ಅಂದ ಅಟೆಂಡರ್ ಗುಂಡಣ್ಣ, ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತ. "ತೆಗೆದು ತೋರ್ಸೋರು ನೀವೊಬ್ರೇ."

"ಕಾಣೋ ಹಾಗೆ ಮೂವತ್ತು ದಿನ ಇರಬೇಕು ಅಂತ ಕಾನೂನು, ಗುಂಡಣ್ಣ. ಕಾಣದೇ ಇದ್ರೆ ಹಾಕಿದ್ದಕ್ಕೇನು ಅರ್ಥ?"

ವಿಶೇಷ ವಿವಾಹ ಕಾಯ್ದೆಯ ನೋಟಿಸು ಅದು. ದೀಪಕ್, ತಂದೆ ಬೈರಣ್ಣ, ವಯಸ್ಸು ನಲವತ್ತೆರಡು, ಜರಗನಹಳ್ಳಿ. ಸುಧಾಮಣಿ, ತಂದೆ ಪಿಳ್ಳಣ್ಣ, ವಯಸ್ಸು ಮೂವತ್ತೊಂಬತ್ತು, ಬಿಟಿಎಂ ಲೇಔಟ್. ಇವರಿಬ್ಬರ ಮದುವೆಗೆ ಯಾರದಾದರೂ ಆಕ್ಷೇಪಣೆ ಇದ್ದರೆ ಮೂವತ್ತು ದಿನದೊಳಗೆ ಸಲ್ಲಿಸಬಹುದು. ಕೆಳಗೆ ಎರಡು ಪಾಸ್‌ಪೋರ್ಟ್ ಫೋಟೊ. ನಗಬೇಡಿ ಸಾರ್ ಎಂದು ಸ್ಟುಡಿಯೋದವನು ಹೇಳಿದ್ದರೂ ದೀಪಕ್ ನಕ್ಕಿದ್ದ. ಅವರಿಬ್ಬರ ಮುಖ ಒಂದೇ ಕಾಗದದ ಮೇಲೆ ಇದ್ದದ್ದು ಅಲ್ಲಿ ಮಾತ್ರ. ಕಾನೂನಿಗೆಂದೇ ಬಂದು ನಿಂತರೂ ಅವಳು ಮೊದಲು ನೋಡುತ್ತಿದ್ದದ್ದು ಆ ನಗುವನ್ನು.

ಶುರುವಾದದ್ದು ಲೋಕಸಭಾ ಚುನಾವಣೆಯ ದಿನ, ಅರೆಕೆರೆಯ ಶಾಲೆಯೊಂದರ ಮತಗಟ್ಟೆಯಲ್ಲಿ. ಅವಳು ಅಲ್ಲಿನ ಪ್ರಿಸೈಡಿಂಗ್ ಆಫೀಸರ್. ಬನಶಂಕರಿಯ ಸರ್ಕಾರಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ದೀಪಕ್, ಬೆರಳಿಗೆ ಶಾಯಿ ಹಾಕುವ ಅಧಿಕಾರಿ. ಬೇರೆ ಬೂತಿನವರು ಶಾಯಿಯನ್ನು ಮೆತ್ತಿದರೆ ಈತ ಗೆರೆ ಎಳೆಯುತ್ತಿದ್ದ, ತೆಳ್ಳಗೆ, ನೇರವಾಗಿ, ಉಗುರಿನಿಂದ ಚರ್ಮಕ್ಕೆ. ಮುದುಕಿಯರು ಬೆರಳು ನೋಡಿಕೊಂಡು ನಕ್ಕು ಹೋಗುತ್ತಿದ್ದರು.

ಮಧ್ಯಾಹ್ನ ಸಾಲು ಕರಗಿದಾಗ, ಡ್ಯೂಟಿಯಲ್ಲಿರುವವರ ಮತ ಹಾಕಲು ಅವಳೂ ಎಡಗೈ ಚಾಚಿದಳು.

"ಬೆರಳು ನಡುಗ್ತಿದೆ ಮೇಡಂ."

"ನಡುಗ್ತಿರೋದು ನಿಮ್ಮ ಕಡ್ಡಿ."

ಗೆರೆ ಎಳೆದಾಯಿತು. ಅವನು ಬೆರಳು ಬಿಡಲಿಲ್ಲ. ಒಣಗುವ ತನಕ ಒರೆಸಬಾರದೆಂದು ರೂಲ್ಸ್ ಇದೆ ಎಂದ. ಹಿಡಿದುಕೊಂಡಿರಬೇಕೆಂದು ಇಲ್ಲವಲ್ಲ ಎಂದಳು.

"ಹ್ಯಾಂಡ್‌ಬುಕ್ ಸರಿಯಾಗಿ ಓದಿಲ್ಲ ನೀವು, ಪ್ರಿಸೈಡಿಂಗ್ ಮೇಡಂ."

ಏಜೆಂಟರೆಲ್ಲ ಊಟಕ್ಕೆ ಎದ್ದಿದ್ದರು. ಆ ಹೆಸರು ಹಾಗೇ ಉಳಿಯಿತು. ಬಹುವಚನ ಹೋಗಿ ಏಕವಚನ ಬಂದರೂ 'ಪ್ರಿಸೈಡಿಂಗ್ ಮೇಡಂ' ಹೋಗಲಿಲ್ಲ. ಆಮೇಲೆ ಭೇಟಿಯಾದಾಗಲೆಲ್ಲ, ಹೊರಡುವ ಹೊತ್ತಿಗೆ, ಶಾಯಿಯ ಗೆರೆ ಉಗುರಿನ ಎಲ್ಲಿಗೆ ಬಂತು ನೋಡೋಣ ಎನ್ನುವ ನೆಪದಲ್ಲಿ ಅವಳ ಕೈ ಹಿಡಿಯುತ್ತಿದ್ದ. ಜುಲೈ ಹೊತ್ತಿಗೆ ಗೆರೆ ಉಗುರಿನ ತುದಿ ಮುಟ್ಟಿತ್ತು. ಇದು ಅಳಿಸಿಹೋಗುವುದರೊಳಗೆ ಮದುವೆಯಾಗಿಬಿಡೋಣ ಅಂದ.

ಜರಗನಹಳ್ಳಿಯ ಮನೆಗೆ ಅವಳು ಮೊದಲ ಸಲ ಹೋದದ್ದು ಡ್ಯೂಟಿಯ ಸ್ನೇಹಿತೆಯಾಗಿ. ಒಂದು ಕಾಲಕ್ಕೆ ರಾಗಿ ಹೊಲ, ಈಗ ನಾಲ್ಕಂತಸ್ತಿನ ಬಾಡಿಗೆ ಮನೆ. ದೀಪಕನ ತಾಯಿ ನಾರಾಯಣಮ್ಮ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು, ಬೆನ್ನು ಸವರಿದರು. ಹೊರಡುವಾಗ ಕೇಳಿದರು: "ನಿಮ್ಮದು ಯಾವ ಕಡೆಯವರಮ್ಮ?" ನಾವು ಬೌದ್ಧರು ಎಂದಳು. ಅದಕ್ಕೆ ಮೊದಲು ಏನಾಗಿದ್ದಿರಿ ಎಂಬ ಮುಂದಿನ ಪ್ರಶ್ನೆಗೂ ಮುಚ್ಚುಮರೆಯಿಲ್ಲದೆ ಉತ್ತರಿಸಿದಳು.

ಎರಡನೆಯ ಸಲ ಕಾಫಿ ಬಂದದ್ದು ಪೇಪರ್ ಕಪ್ಪಿನಲ್ಲಿ. ಉಳಿದವರಿಗೆಲ್ಲ ಸ್ಟೀಲ್ ಲೋಟ.

ದೀಪಕ್ ಎದ್ದು ಒಳಗೆ ಹೋದ. ಕೈಯಲ್ಲಿ ಇನ್ನೊಂದು ಪೇಪರ್ ಕಪ್ಪು ಹಿಡಿದು ಬಂದು ಅವಳ ಪಕ್ಕ ಕೂತು, ತನ್ನ ಲೋಟದ ಕಾಫಿಯನ್ನು ಅದಕ್ಕೆ ಬಗ್ಗಿಸಿಕೊಂಡು ಕುಡಿದ. ಅವಳ ಕಣ್ಣು ತುಂಬಿತು. ಈ ಗಂಡಸಿಗೆ ಏನನ್ನಾದರೂ ಕೊಡಬಹುದು ಅನ್ನಿಸಿತು ಆ ಹೊತ್ತು.

ಮದುವೆಗೆ ಸುಲಭದ ದಾರಿಯೊಂದಿತ್ತು. ಬೆಳಗ್ಗೆ ದೇವಸ್ಥಾನ, ಮಧ್ಯಾಹ್ನ ನೋಂದಣಿ. ನೋಟಿಸಿಲ್ಲ, ಮೂವತ್ತು ದಿನವಿಲ್ಲ. ಹಿಂದೂ ವಿವಾಹ ಕಾಯ್ದೆಗೆ ಬೌದ್ಧರೂ ಸೇರ್ತಾರಂತೆ ಎಂದು ದರ್ಶಿನಿಯ ಕಟ್ಟೆಯ ಮುಂದೆ ನಿಂತು ದೀಪಕ್ ಹೇಳಿದಾಗ ಅವಳು ಚಮಚ ಕೆಳಗಿಟ್ಟಳು. ಅವಳು ಪಾಠ ಮಾಡುವ ವಿಷಯವೇ ಅದು.

"ನಾವಾಗಿ ಸೇರಿದ್ದಲ್ಲ, ಸೇರಿಸ್ಕೊಂಡಿದ್ದು," ಅಂದಳು. ಅವಳಪ್ಪ ಪಿಳ್ಳಣ್ಣ ಹತ್ತೊಂಬತ್ತನೆಯ ವಯಸ್ಸಿಗೆ ದೀಕ್ಷೆ ತೆಗೆದುಕೊಂಡು ಬಂದು, ಮನೆ ಮಾಲೀಕನಿಗೆ ತಾನೇ ಹೇಳಿ, ಆ ವಾರವೇ ಸಾಮಾನು ಸಮೇತ ರಸ್ತೆಗೆ ಬಿದ್ದಿದ್ದರು. ಆ ಕತೆ ಕೇಳಿಕೊಂಡು ಬೆಳೆದವಳು ಅವಳು. ಇಬ್ಬರೂ ಅವರವರಾಗೇ ಉಳಿದು ಮದುವೆಯಾಗಲು ದೇಶ ಒಂದು ಕಾಯ್ದೆ ಮಾಡಿಟ್ಟಿದೆ, ಅದರ ಬಾಗಿಲಿಂದ ಹೋಗೋಣ ಎಂದಳು. ಆ ಬಾಗಿಲ ಮೇಲೆ ಮೂವತ್ತು ದಿನ ಫೋಟೊ ನೇತುಹಾಕುತ್ತಾರಲ್ಲ ಎಂದು ದೀಪಕ್ ನಕ್ಕ, ಆದರೆ ಒಪ್ಪಿದ. ಟೆಂಡರಿನ ಕಾಗದ ತಾನಾಗಿ ಮುಚ್ಚಿದಾಗ ಮಾತ್ರ, "ಬಿಟ್ಬಿಡು ಮೇಡಂ, ದೇವರೇ ಮುಚ್ಚಿದಾನೆ," ಎಂದು ಬೇಡಿಕೊಂಡಿದ್ದ.

ಅವಳು ಬಿಡಲಿಲ್ಲ.

ಹತ್ತೊಂಬತ್ತನೆಯ ದಿನ ಜರಗನಹಳ್ಳಿಯ ಯಾರೋ ನಿವೇಶನದ ಕೆಲಸಕ್ಕೆ ಆ ಕಚೇರಿಗೆ ಬಂದು, ಸಾಲಿನಲ್ಲಿ ನಿಂತು ಬೇಜಾರಾಗಿ ಬೋರ್ಡು ಓದಿದರು. ಸಂಜೆಯೊಳಗೆ ಆ ಎರಡು ಫೋಟೊ ಕುಲಸ್ಥರ ವಾಟ್ಸಾಪ್ ಗ್ರೂಪಿನಲ್ಲಿದ್ದವು. ಚಿತ್ರದ ಮೂಲೆಯಲ್ಲಿ ಅವಳ ಗುಂಡುಪಿನ್ನು ಹೊಳೆಯುತ್ತಿತ್ತು.

ಇಪ್ಪತ್ತಾರನೆಯ ದಿನ ಆಕ್ಷೇಪಣೆ ಬಂತು. ಬರೆದದ್ದು ದೀಪಕನ ತಮ್ಮ ಸುಮನ್, ಹೆಬ್ಬೆಟ್ಟು ನಾರಾಯಣಮ್ಮನದು. ದೀಪಕನಿಗೆ ಹದಿನಾಲ್ಕು ತಿಂಗಳ ಹಿಂದೆಯೇ ಅಕ್ಕನ ಮಗಳು ಬಿಂದುಶ್ರೀಯ ಜೊತೆ ಮದುವೆಯಾಗಿದೆ ಎಂದು ಅದರಲ್ಲಿತ್ತು. ಜೀವಂತ ಹೆಂಡತಿ ಇದ್ದರೆ ಈ ಮದುವೆ ನಡೆಯುವಂತಿಲ್ಲ. ಜಾತಿ ಎಂಬ ಪದ ಒಂದು ಕಡೆಯೂ ಇರಲಿಲ್ಲ. ಕಾನೂನು ಅದನ್ನು ಆಕ್ಷೇಪಣೆಯಾಗಿ ಒಪ್ಪುವುದಿಲ್ಲವೆಂದು ಯಾರೋ ತಿಳಿದವರೇ ಹೇಳಿಕೊಟ್ಟಿದ್ದರು.

ಹಸಿ ಸುಳ್ಳು. ದೀಪಕ್ ಅಧಿಕಾರಿಯ ಮುಂದೆ ನಿಂತು ಇಲ್ಲ ಎಂಬ ಒಂದು ಮಾತು ಹೇಳಿದರೆ ನೆಲ ಕಚ್ಚುವ ಸುಳ್ಳು. ಹೇಳ್ತೀನಿ, ಇನ್ನೇನು ಮತ್ತೆ, ಎಂದು ಫೋನಿನಲ್ಲಿ ಮೂರು ಸಲ ಅಂದ.

ವಿಚಾರಣೆ ಮೂವತ್ತಮೂರನೆಯ ದಿನ, ಗುರುವಾರ. ಸುಧಾಮಣಿ ಹೋದಾಗ ಕಾರಿಡಾರಿನ ಬೆಂಚಿನಲ್ಲಿ ನಾರಾಯಣಮ್ಮ ಒಬ್ಬರೇ ಕೂತಿದ್ದರು. ಮಂಡಿನೋವಿಗೆ ಕಾಲು ಊದಿತ್ತು. ಬೇರೆ ಜಾಗವಿರಲಿಲ್ಲ. ಪಕ್ಕದಲ್ಲೇ ಕೂತಳು. ಮುದುಕಿ ಸರಿದು ಕೂರಲಿಲ್ಲ, ಎದ್ದೂ ಹೋಗಲಿಲ್ಲ.

"ನಿನ್ನ ಮೇಲೆ ನಂಗೆ ಕೋಪ ಇಲ್ಲ ಕಣಮ್ಮ," ಅಂದರು, ಎದುರಿನ ಗೋಡೆ ನೋಡುತ್ತ. "ನಮ್ಮೂರಮ್ಮನಿಗೆ ಮೊದಲ್ನೇ ಆರತಿ ನಮ್ಮನೆ ಹಿರೀಸೊಸೆದು. ನಮ್ಮತ್ತೆ ಹೊತ್ರು, ನಾನು ಹೊತ್ತೆ. ನಾಳೆ ಯಾರು ಹೊರ್ತಾರೆ ಹೇಳು."

ಸಮಾನತೆಯ ಬಗ್ಗೆ ನಲವತ್ತು ನಿಮಿಷ ಮಾತಾಡಬಲ್ಲ ಸುಧಾಮಣಿಗೆ, ಈ ತಲೆಯ ಮೇಲಿನ ಆರತಿಯನ್ನು ಎಲ್ಲಿ ಇಳಿಸಬೇಕೆಂದು ತೋಚಲಿಲ್ಲ.

"ಬಿಂದುಶ್ರೀನ ಒಂದು ಮಾತು ಕೇಳಿದ್ರಾ?" ಎಂದಳು.

"ಅವಳನ್ನೇನು ಕೇಳೋದು."

ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುವ ಆ ಹುಡುಗಿ ತನ್ನ ಸೋದರಮಾವನ ಹೆಂಡತಿಯಾಗಿ ಸರ್ಕಾರಿ ಕಡತ ಸೇರಿದ್ದು ಅವಳಿಗೇ ಗೊತ್ತಿರಲಿಲ್ಲ. ಆ ಬೆಂಚಿನ ಮೇಲೆ ಸುಧಾಮಣಿಗೆ ತನಗಿಂತ ಹೆಚ್ಚಾಗಿ ಅವಳ ಬಗ್ಗೆ ಸಂಕಟವಾಯಿತು.

ಒಳಗೆ ಅಧಿಕಾರಿ, ಕಣ್ಣಡಿ ಕಪ್ಪಾಗಿದ್ದ ದಣಿದ ಹೆಂಗಸು, ಆಕ್ಷೇಪಣೆ ಓದಿ ಮುಗಿಸಿ, ಅಷ್ಟರಲ್ಲಿ ಬಂದು ನಿಂತಿದ್ದ ದೀಪಕನತ್ತ ನೋಡಿದರು. "ನಿಮಗೆ ಮೊದಲೇ ಮದುವೆ ಆಗಿದೆಯಾ? ಹೌದು ಅನ್ನಿ, ಇಲ್ಲ ಅನ್ನಿ. ಬರ್ಕೋತೀನಿ. ಸುಳ್ಳು ಅಂತ ಆದ್ರೆ ನಿಮ್ಮ ತಾಯೀನ ನಾನು ಕೇಳ್ಬೇಕಾಗುತ್ತೆ, ಅದೂ ಗೊತ್ತಿರ್ಲಿ."

ದೀಪಕ್ ತಾಯಿಯ ಊದಿದ ಪಾದಗಳನ್ನು ನೋಡುತ್ತಿದ್ದ. ಫ್ಯಾನು ಕಡತಗಳ ಅಂಚನ್ನು ಎತ್ತಿ ಎತ್ತಿ ಇಳಿಸುತ್ತಿತ್ತು. ಅವನ ತೋರುಬೆರಳ ಬುಡದಲ್ಲಿ ಇನ್ನೂ ಕಂದು ಕಲೆಯಿತ್ತು. ಅದು ಶಾಯಿಯೋ ಡ್ರಾಯಿಂಗ್ ಕ್ಲಾಸಿನ ಬಣ್ಣವೋ, ಹೇಳುವಂತಿರಲಿಲ್ಲ. ಸುಧಾಮಣಿ ತನ್ನ ಉಗುರು ನೋಡಿಕೊಂಡಳು. ಗೆರೆ ಯಾವಾಗ ಹೋಯಿತೋ, ಪಾತ್ರೆ ತೊಳೆಯುವಾಗಲೋ ಏನೋ, ಅವಳಿಗೆ ತಿಳಿದೇ ಇರಲಿಲ್ಲ.

"ಅಮ್ಮ ಹೇಳಿದ್ದನ್ನ ಸುಳ್ಳು ಅಂತ ನಾನು ಹೇಗೆ ಹೇಳ್ಲಿ ಮೇಡಂ," ಎಂದ ಕೊನೆಗೆ. "ಸ್ವಲ್ಪ ಟೈಮ್ ಕೊಡಿ."

ಅಧಿಕಾರಿ ಸುಧಾಮಣಿಯ ಮುಖವನ್ನು ಒಂದು ಕ್ಷಣ ನೋಡಿ, ಎರಡು ವಾರದ ಮುಂದಿನ ತಾರೀಕು ಬರೆದರು.

ತಾಯಿಯನ್ನು ಆಟೋ ಹತ್ತಿಸಿ ದೀಪಕ್ ಓಡಿ ಬಂದ. ಹೊಂಗೆ ಮರದಡಿ ಅವಳನ್ನು ನಿಲ್ಲಿಸಿ, ಅಂಗಿಯ ಜೇಬಿನಿಂದ ಮಡಚಿದ ಅರ್ಜಿಯೊಂದನ್ನು ತೆಗೆದ. ಎಲ್ಲ ತುಂಬಿಸಿದ್ದ, ಅವನ ಚೆಂದದ ಅಕ್ಷರದಲ್ಲಿ. ಧರ್ಮದ ಕಾಲಮ್ಮಿನಲ್ಲಿ ಇಬ್ಬರಿಗೂ ಹಿಂದೂ. ಅವಳ ಸಹಿಯೊಂದು ಬಾಕಿ. ಸೋಮವಾರ ಬೆಳಗ್ಗೆ ಎಂಟಕ್ಕೆ, ತಲಘಟ್ಟಪುರದ ಹತ್ತಿರ ಒಂದು ಸಣ್ಣ ದೇವಸ್ಥಾನ. ಪೂಜಾರಿಯ ಹತ್ತಿರ ಮಾತಾಡಿದ್ದೇನೆ, ಮನೆಯಲ್ಲಿ ಆಮೇಲೆ ಹೇಳಿದರಾಯಿತು ಎಂದ. ಇದು ಇವತ್ತು ಬಂದ ಯೋಚನೆಯಲ್ಲ ಎಂದು ಅರ್ಜಿಯ ಮಡಿಕೆಯೇ ಹೇಳುತ್ತಿತ್ತು. ವಾರದಿಂದ ಜೇಬಿನಲ್ಲಿದ್ದ ಮಡಿಕೆ ಅದು.

"ನೀನಿಲ್ದೆ ನನ್ಕೈಲಿ ಆಗಲ್ಲ ಸುಧಾ." ಮೊದಲ ಸಲ ಮೇಡಂ ಇರಲಿಲ್ಲ ಅದರಲ್ಲಿ. ಅವನ ಕಣ್ಣು ಕೆಂಪಾಗಿತ್ತು. ನಿಜವನ್ನೇ ಹೇಳುತ್ತಿದ್ದ, ಅದೇ ಕಷ್ಟವಾಗಿತ್ತು.

"ಒಳಗೆ ಇದರಲ್ಲಿ ಅರ್ಧ ಹೇಳಿದ್ರೂ ಸಾಕಿತ್ತು."

"ಅಲ್ಲಿ ಅಮ್ಮ ಇದ್ರು."

"ನಾನೂ ಇದ್ದೆ."

ಅವನು ಅವಳ ಎಡಗೈ ಹಿಡಿದು, ಹಳೆಯ ರೂಢಿಯಂತೆ ತೋರುಬೆರಳನ್ನು ತಿರುಗಿಸಿ ನೋಡಿದ. ಗೆರೆ ಇರಲಿಲ್ಲ. ಆದರೂ ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ, ಬಿಎಂಟಿಸಿ ಬಸ್ಸೊಂದು ಬಂದು ನಿಂತು ಹೊರಟುಹೋಗುವ ತನಕ.

ಮನೆಯಲ್ಲಿ ಅಪ್ಪ ಆ ಅರ್ಜಿಯನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದರು. ಬುದ್ಧನ ಮುಂದಿನ ದೀಪಕ್ಕೆ ಎಣ್ಣೆ ಹೊಯ್ದು ಬಂದು ಕೂತರು.

"ಸೈನ್ ಹಾಕ್ಬಿಡು ಮಗ. ಅವತ್ತು ನಾನು ನಿಂತಿದ್ದು ನನ್ನ ಕಾಲ ಮೇಲೆ. ನಿನ್ನ ಹೆಗಲ ಮೇಲಲ್ಲ."

ಅಪ್ಪ ತಡೆದಿದ್ದರೆ ಸುಲಭವಿತ್ತು. ಅಪ್ಪನಿಗಾಗಿ ಎಂದುಕೊಂಡು ಅತ್ತು ಹಗುರಾಗಬಹುದಿತ್ತು. ಈಗ ಆ ನೆಪವೂ ಹೋಯಿತು.

ಶುಕ್ರವಾರ ಹನ್ನೆರಡರ ತರಗತಿಯಲ್ಲಿ ಸಂವಿಧಾನದ ಪೀಠಿಕೆ. ಬೋರ್ಡಿನ ಮೇಲೆ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂದು ಬರೆದು ತಿರುಗಿದಾಗ, ಎರಡನೆಯ ಬೆಂಚಿನ ರೇಖಾ ಎದ್ದು ನಿಂತಳು. ಯಾವಾಗಲೂ ಏನಾದರೂ ಕೇಳುವ ಹುಡುಗಿ.

"ಮೇಡಂ, ಮೊದಲ್ನೇ ಎರಡು ಸಿಗದಿದ್ರೆ ಕೋರ್ಟಿಗೆ ಹೋಗ್ಬೋದು. ಮೂರನೇದು ಸಿಗದಿದ್ರೆ ಎಲ್ಲಿಗೆ ಹೋಗೋದು?"

ತರಗತಿ ನಕ್ಕಿತು. ಸುಧಾಮಣಿ ನಗಲಿಲ್ಲ. ಸೀಮೆಸುಣ್ಣದ ಪುಡಿ ಕೈಯಿಂದ ಒರೆಸಿಕೊಳ್ಳುತ್ತ, "ಎಲ್ಲಿಗೂ ಇಲ್ಲಮ್ಮ," ಅಂದಳು. "ಅದನ್ನ ಪಕ್ಕದಲ್ಲಿರೋರೇ ಕೊಡಬೇಕು."

ಹೇಳಿದ ಮೇಲೆ ಅವಳಿಗೆ ಆ ಪೇಪರ್ ಕಪ್ಪು ನೆನಪಾಯಿತು. ಅವನು ತನ್ನ ಜೊತೆ ಅದರಲ್ಲಿ ಕುಡಿದ, ನಿಜ. ಅಷ್ಟಕ್ಕೆ ಅವಳು ಕರಗಿಹೋಗಿದ್ದಳು. ಆದರೆ ಅಡುಗೆಮನೆಗೆ ಹೋಗಿ ಅವಳಿಗೂ ಒಂದು ಸ್ಟೀಲ್ ಲೋಟ ತರಲಿಲ್ಲ. ತಾನು ಕೆಳಗಿಳಿದು ಬಂದು ಪಕ್ಕದಲ್ಲಿ ಕೂರುವುದು ಅವನಿಗೆ ಬರುತ್ತಿತ್ತು, ತಾಯಿಯೆದುರು ಅವಳ ಕಡೆ ನಿಲ್ಲುವುದು ಬರುತ್ತಿರಲಿಲ್ಲ. ಸೋಮವಾರದ ದೇವಸ್ಥಾನವೂ ಇನ್ನೊಂದು ಪೇಪರ್ ಕಪ್ಪೇ.

ಒಂದು ಗಂಟೆಗೆ ಊಟದ ಬೆಲ್ಲಾಯಿತು. ಡಬ್ಬಿ ತೆರೆಯದೆ ಹೊರಟಳು.

ಬೋರ್ಡಿನಲ್ಲಿ ಅವಳ ಕಾಗದದ ಮೇಲೆ ಯಾರೋ ಹೊಸದೊಂದು ಹರಾಜಿನ ಪ್ರಕಟಣೆ ಚುಚ್ಚಿದ್ದರು.

"ಮೂವತ್ತು ದಿನ ಮುಗೀತಲ್ಲ ಮೇಡಂ. ಇನ್ಯಾಕೆ ಬರ್ತೀರ ಬಿಸಿಲಲ್ಲಿ," ಎಂದ ಗುಂಡಣ್ಣ. ದನಿಯಲ್ಲಿ ತಮಾಷೆ ಇರಲಿಲ್ಲ.

"ಕಾನೂನಿನ ಪ್ರಕಾರ ಮೂರು ತಿಂಗಳು ಜೀವ ಇರುತ್ತೆ ಈ ನೋಟಿಸಿಗೆ," ಎಂದಳು.

ಹರಾಜಿನ ಕಾಗದ ಬಿಡಿಸಿ ಪಕ್ಕಕ್ಕೆ ಚುಚ್ಚಿದಳು. ಎರಡು ಮುಖ ಕಂಡವು. ಒಂದರ ಅಂಚು ಬಿಸಿಲಿಗೆ ಬಿಳಿಚಿತ್ತು, ನಗು ಹಾಗೇ ಇತ್ತು. ಬ್ಯಾಗಿನಲ್ಲಿದ್ದ ಅರ್ಜಿಯನ್ನು ಹೊರತೆಗೆದಳು. ಹರಿಯಲಿಲ್ಲ. ಅವನ ಅಕ್ಷರ ಅಷ್ಟು ಚೆಂದವಿತ್ತು. ಇನ್ನೊಂದು ಮಡಿಕೆ ಮಾಡಿ, ಪಾಠದ ಟಿಪ್ಪಣಿಗಳ ನಡುವೆ, ಇನ್ನು ತೆರೆಯಬೇಕಾಗಿಲ್ಲದ ಹಳೆಯ ಸೆಮಿಸ್ಟರಿನ ಹಾಳೆಗಳಲ್ಲಿ ಸೇರಿಸಿದಳು.

ಸೋಮವಾರ ಎಂಟು ಗಂಟೆಗೆ ಅವಳು ತಲಘಟ್ಟಪುರದಲ್ಲಿರುವುದಿಲ್ಲ. ಯಾಕೆ ಹೋಗಲಿಲ್ಲವೆಂದು ಅವನಿಗೆ ಹೇಳುವುದಿಲ್ಲ, ವಿಚಾರಣೆಗೆ ಬಾ ಎಂದು ಕರೆಯುವುದೂ ಇಲ್ಲ. ಮುಂದಿನ ತಾರೀಕಿಗೆ ಅವನು ಬಂದು ಆ ಒಂದು ಮಾತು ಹೇಳಿದರೆ ಅವಳು ಅದೇ ಬೆಂಚಿನಲ್ಲಿ ಕೂತಿರುತ್ತಾಳೆ. ಹೇಳದಿದ್ದರೆ, ತೊಂಬತ್ತನೆಯ ದಿನ ಬಂದು ಪಿನ್ನು ಕೀಳುವವಳೂ ತಾನೇ. ಗುಂಡಣ್ಣನ ಕೈಗೆ ಬಿಡುವುದಿಲ್ಲ.

"ಏನಾದ್ರೂ ಹೇಳ್ಬೇಕಾ ಒಳಗೆ, ಮೇಡಂ?" ಎಂದು ಗುಂಡಣ್ಣ ಕೇಳಿದ.

ಏನಿಲ್ಲವೆಂದು ತಲೆಯಾಡಿಸಿ, ಪಿನ್ನು ಗಟ್ಟಿಯಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ, ಎರಡು ಗಂಟೆಯ ತರಗತಿಗೆ ಹೊರಟಳು.