ವಿಕ್ಸಮ್ ಕೆರೆಯ ಬೆಳ್ಳಿ ಗಣಪ

ನನ್ನ ತಂಟೆಗೆ ಬಂದವರು ಯಾರೂ ನೆಟ್ಟಗೆ ಮನೆ ಸೇರಿಲ್ಲ. ನೀವೂ ಹುಷಾರು! ಡೆಟ್ರಾಯಿಟ್‌ನಿಂದ ಲೊಂಬಾರ್ಡ್‌ವರೆಗೆ ಯಾವ ಕನ್ನಡದವರ ಮನೆಯಲ್ಲಿ ಏನು ಕಳೆದರೂ ಕೇಸು ಬರುವುದು ನನ್ನ ಹತ್ತಿರ. ಹೆಸರು ನಿಹಾಲ್. ಗನ್ ಇಲ್ಲ... ಬಾಯಿ ಸಾಕು!

ಆದರೆ ಇವತ್ತು ಸಂಜೆ ಬಾಯಿ ಒಣಗಿತ್ತು.

ವಿಕ್ಸಮ್ ಊರಿನಾಚೆ, ಕಾಡೊಳಗಿನ ಕೆರೆ. ಸೊಂಟದವರೆಗೆ ಕೊರೆಯುವ ನೀರು. ಬೆನ್ನ ಹಿಂದೆ ಶತ್ರು. ತಿರುಗಿದರೆ ಸತ್ತೆ!

ದಡದಲ್ಲಿ ಅಂಬುಜಾ ಆಂಟಿ. ಕೈಯಲ್ಲಿ ಫೋನು.

"ಕತ್ತಲಾಗೋದ್ರೊಳಗೆ ನಮ್ಮಜ್ಜಿ ಬೆಳ್ಳಿ ಗಣಪ ಸಿಗ್ಲಿಲ್ಲಾಂದ್ರೆ ನಿಮ್ಮಮ್ಮಂಗೆ ಕಾಲ್ ಮಾಡ್ತೀನಿ."

ಇದರ ಮುಂದೆ ಪಿಸ್ತೂಲು ಯಾವ ಲೆಕ್ಕ!

ನಿನ್ನೆ ವಿಸರ್ಜನೆ. ಮಣೆ ಮೇಲಿದ್ದ ಮಣ್ಣಿನ ಗಣಪನ ಜೊತೆ ಬೆಳ್ಳಿಯವನೂ ನೀರುಪಾಲು. ಮಣೆ ಹೊತ್ತು ಕೆರೆಗಿಳಿದಿದ್ದು ನಾನೊಬ್ಬನೇ.

"ನಡು ಕೆರೇಲಿ ಬಿಟ್ಟೆ ಆಂಟಿ. ಕಯಾಕ್ ದೋಣೀಲಿ ಹೋಗಿ ಬಿಟ್ಟಿದ್ದು! ಅರವತ್ತಡಿ ಆಳ... ಇಷ್ಟೊತ್ತಿಗೆ ಹರ್ಕೊಂಡು ಲೇಕ್ ಈರಿ ಸೇರಿರುತ್ತೆ."

ಆಂಟಿ ಮಗಳು ಇಳಾ ನಕ್ಕಳು. ಓದುವುದು ಜಿಯಾಲಜಿ.

"ಎಲ್ಲಿಗೋ ಹರಿಯೋದು, ಹೀರೋ? ಗ್ಲೇಸಿಯರ್ ಹಿಂದೆ ಸರಿದಾಗ ಐಸ್ ಗಡ್ಡೆಯೊಂದು ಮಣ್ಣಲ್ಲಿ ಹೂತ್ಕೊಂಡು, ಕರಗಿ ಆದ ಗುಂಡಿ ಇದು. ಒಳಗೆ ಬರೋ ಹೊಳೇನೂ ಇಲ್ಲ, ಆಚೆ ಹೋಗೋ ಹೊಳೇನೂ ಇಲ್ಲ. ಬಿದ್ದಿದ್ದು ಬಿದ್ದಲ್ಲೇ."

"ಹಾಗಾದ್ರೆ ಡೈವರ್ ಕರೆಸ್ರಿ!"

"ಬೇಡ. ಅಮ್ಮಾ, ಇನ್ನೂ ಕಾರಲ್ಲೇ ಇರೋ ನಿನ್ನೆ ಮಣೆ ಕೊಡು."

ವಿಸರ್ಜನೆ ಆದಮೇಲೆ ಕೆರೆಯ ತಳದ ಒಂದು ಹಿಡಿ ಮಣ್ಣನ್ನು ಮಣೆ ಮೇಲಿಟ್ಟು ಮನೆಗೆ ತರುವುದು ಆಂಟಿ ಮನೆಯ ಪದ್ಧತಿ. ನಾನೇ ತಂದುಕೊಟ್ಟಿದ್ದೆ. ಅಲ್ಲೇ ಸಿಕ್ಕಿಬಿದ್ದೆ!

"ನಡು ಕೆರೇಲಿ ಕಪ್ಪು ಕೆಸರಿರುತ್ತೆ, ಬೆಣ್ಣೆ ಥರ. ಇದು ನೋಡು... ಜಲ್ಲಿ. ದಡದ್ದು. ಅಲ್ವೋ, ಅರವತ್ತಡಿ ಕೆಳಗಿಂದ ಹಿಡಿ ಮಣ್ಣು ಹೇಗೋ ತಂದೆ? ಕೈ ಅಷ್ಟುದ್ದ ಇದೆಯಾ?"

ಅವಳು ಪ್ಯಾಂಟ್ ಮಡಚಿದಳು. ನಾಲ್ಕು ಹೆಜ್ಜೆ. ಬಗ್ಗಿದಳು.

ಬೆಳ್ಳಿ ಹೊಳೆಯಿತು. ಮೊಣಕಾಲಷ್ಟು ನೀರಲ್ಲಿ!

ಆಂಟಿ ಗಣಪನನ್ನು ಸೆರಗಲ್ಲಿ ಒರೆಸಿ ಕಣ್ಣಿಗೊತ್ತಿಕೊಂಡರು. ಆಮೇಲೆ ಫೋನು ತೆಗೆದರು.

"ನಿಜ ಹೇಳೋ."

ಹೇಳಿದೆ. ಕಯಾಕ್ ಇರಲಿಲ್ಲ. ಬೆಳ್ಳಿಯವನನ್ನು ಎತ್ತಿಟ್ಟು ಮಣ್ಣಿನವನನ್ನು ಮೂರು ಸಲ ಮುಳುಗಿಸಿ ಬಿಡಬೇಕಿತ್ತು. ಅಷ್ಟರಲ್ಲಿ ಹೆಬ್ಬಾತೊಂದು ಕತ್ತು ಚಾಚಿ ಬುಸ್ಸೆಂದು ಅಟ್ಟಿಸಿಕೊಂಡು ಬಂತು. ಇಬ್ಬರು ಗಣಪರನ್ನೂ ನೀರಿಗೆಸೆದೆ, ಒಂದು ಹಿಡಿ ಬಾಚಿದೆ, ಮಣೆ ಹಿಡಿದು ಓಡಿದೆ.

ಆಂಟಿ, ಇಳಾ ಕಾರು ಹತ್ತಿ ಹೋಗಿಯಾಯಿತು. ನನ್ನ ಶತ್ರು, ಆ ಹೆಬ್ಬಾತು, ಇನ್ನೂ ದಡದಲ್ಲೇ ಇದೆ. ನಿಮಗೆ ಇದನ್ನೆಲ್ಲ ಹೇಳುತ್ತಿರುವುದು ನೀರಲ್ಲಿ ನಿಂತೇ.