ನಲವತ್ತು ಕಿಲೋ ಮೆಣಸಿನಕಾಯಿ

"ನಾಲ್ಕು ಚೀಲ ಇತ್ತು, ಈಗ ಮೂರೇ ಇದೆ!"

ಕೆಂಗೇರಿ ಪೇಟೆಯ ಮಂಡಿ ಸಾಹುಕಾರ ಶಂಭುಲಿಂಗಪ್ಪನವರು ಬೀದಿಯಲ್ಲೇ ನಿಂತು ಕೂಗುತ್ತಿದ್ದರು. ಉಗ್ರಾಣದ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಒಳಗೆ ಯಾರೋ ಕೆಮ್ಮುತ್ತಿದ್ದರು.

ನಾವು ಬಂದಿದ್ದು ಬೇರೆ ಕೆಲಸಕ್ಕೆ. ಐವತ್ತೊಂಬತ್ತರ ಬೇಸಿಗೆ, ಸೇರು, ಮಣಗಳ ಜಾಗಕ್ಕೆ ಕಿಲೋ ಬಂದ ಹೊಸತು. ಏಕಾಂತಯ್ಯನವರು ಅಳತೆ-ತೂಕದ ಇನ್‌ಸ್ಪೆಕ್ಟರು. ಹೊಸ ತೂಕದ ಕಲ್ಲುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಕೆಲಸ. ಅವರ ಜವಾನ ಹನುಮಯ್ಯ, ಅಂದರೆ ನಾನು, ಪರೀಕ್ಷೆಯ ಕಬ್ಬಿಣವನ್ನೆಲ್ಲ ಹೊರಬೇಕು. ಕಿಲೋ ಅಂದರೇನು ಅಂತ ದೊಡ್ಡವರೆಲ್ಲ ಭಾಷಣ ಮಾಡುತ್ತಾರೆ; ನನ್ನ ಸೊಂಟವನ್ನು ಕೇಳಿದ್ದರೆ ಒಂದೇ ಮಾತಲ್ಲಿ ಹೇಳುತ್ತಿತ್ತು.

"ಒಳಗೆ ಯಾರು?" ಏಕಾಂತಯ್ಯನವರು ಕೇಳಿದರು.

"ಬೈರಪ್ಪ. ಮೂವತ್ತು ವರ್ಷದಿಂದ ನನ್ನ ಕಣ್ಣೆದುರಿಗೇ ತಕ್ಕಡಿ ಹಿಡಿದೋನು. ನಂಬಿದ್ದಕ್ಕೆ ಕತ್ತು ಕೊಯ್ದ ನೋಡಿ! ಪೊಲೀಸಿಗೆ ಆಳು ಕಳಿಸಿದೀನಿ. ಇನ್ನರ್ಧ ಗಂಟೇಲಿ ಬರ್ತಾರೆ."

ಉಗ್ರಾಣಕ್ಕೆ ಇದ್ದದ್ದು ಒಂದೇ ಕಿಟಕಿ, ಮೊಳದಗಲ. ಅದರ ಸರಳುಗಳನ್ನು ಎರಡು ಕೈಗಳು ಹಿಡಿದಿದ್ದವು. ಮೇಲೆ ತಗಡಿನ ಸೂರು ಕಾಯುತ್ತಿತ್ತು, ಒಳಗೆ ಮೆಣಸಿನಕಾಯಿ ಘಾಟು. ಹೊರಗೆ ನಿಂತ ನನಗೇ ಮೂರು ಸೀನು ಬಂದವು. ಬೆಳಗ್ಗೆಯಿಂದ ಅದರೊಳಗಿದ್ದ ಬೈರಪ್ಪನ ಕಣ್ಣು ಕೆಂಡವಾಗಿ ನೀರು ಸುರಿಯುತ್ತಿತ್ತು. ಅಯ್ಯೋ ಪಾಪ ಅನ್ನಿಸಿತು.

"ಮುಟ್ಟಿಲ್ಲ ಸ್ವಾಮಿ. ನಿನ್ನೆ ಸಂಜೆ ಕಸ ಗುಡಿಸ್ದೆ, ಬೀಗ ಹಾಕ್ದೆ, ಹೋದೆ. ಅಷ್ಟೇ."

"ಬೀಗದ ಕೈ?"

"ನಂತಾವ ಒಂದು. ಗುಮಾಸ್ತರತ್ರ ಒಂದು."

"ನೀನು ಗುಡಿಸಿದ್ದನ್ನ ನೋಡಿದವರು?"

"ಕಸ ಗುಡಿಸೋದನ್ನ ಯಾರು ನೋಡ್ತಾರೆ ಸ್ವಾಮಿ?"

ಏಕಾಂತಯ್ಯನವರು ಮುಂಭಾಗದ ಕಚೇರಿಗೆ ಬಂದರು. ಗುಮಾಸ್ತ ಕೃಷ್ಣಯ್ಯ ಆರು ತಿಂಗಳ ಹಿಂದೆ ಪಟ್ಟಣದಿಂದ ಬಂದವನು. ಕಿಲೋ ಲೆಕ್ಕ ಬರೆಯಬಲ್ಲವನು ಮಂಡಿಯಲ್ಲಿ ಅವನೊಬ್ಬನೇ. ಉಗ್ರಾಣದ ಕಡೆ ತಲೆ ಹಾಕಿದರೆ ಮೂಗು ಸೋರುತ್ತದೆಂದು ಅತ್ತ ಸುಳಿಯುತ್ತಲೇ ಇರಲಿಲ್ಲವಂತೆ.

"ನಿನ್ನೆ ಛತ್ರಿ ಮರೆತಿದ್ದೆ ಸಾರ್, ತಗೊಂಡ್ಹೋಗೋಕೆ ವಾಪಸ್ ಬಂದೆ. ಉಗ್ರಾಣದ ಬಾಗಿಲು ಒಳಗಿಂದ ಹಾಕಿತ್ತು. ಯಾರಿಗೋ ಬೈರಪ್ಪ ತೂಗಿ ಕೊಡ್ತಾ ಇದ್ದ. ಎಣಿಸೋದು ಚೆನ್ನಾಗಿ ಕೇಳಿಸ್ತು."

"ಏನು ಕೇಳಿಸ್ತು? ಅವನು ಅಂದ ಹಾಗೇ ಹೇಳಿ."

"ಒಂದು, ಎರಡು, ಮೂರು, ನಾಲ್ಕು… ಎಂಟರ ತನಕ. ಐದು ಕಿಲೋ ಕಲ್ಲು, ಎಂಟು ಸಲ. ನಲವತ್ತು ಕಿಲೋ. ಹೋಗಿರೋ ಚೀಲಾನೂ ನಲವತ್ತು ಕಿಲೋದ್ದೇ!"

"ಕೇಳಿದ್ರಾ?" ಅಂದರು ಸಾಹುಕಾರರು. "ಇನ್ನೇನು ಬೇಕು?"

"ಹನುಮಯ್ಯ, ಅದನ್ನ ಬರಕೋ. ಕೃಷ್ಣಯ್ಯನವರೇ, ರುಜು ಹಾಕಿ."

ಕೃಷ್ಣಯ್ಯ ಸರಸರ ಹಾಕಿದ.

ಹೊರಗೆ ಬೈರಪ್ಪನ ಹೆಂಡತಿ ಮುನಿಲಕ್ಷ್ಮಮ್ಮ ಅಡ್ಡ ಬಂದಳು. "ನಲವತ್ತು ಕಿಲೋ ಅಂದ್ರೆ ಎಷ್ಟು ಸ್ವಾಮಿ? ಎಲ್ಲಾರೂ ಅದನ್ನೇ ಅಂತಾವ್ರೆ. ನನ್ನ ಗಂಡ ಎಷ್ಟು ಕದ್ದ ಅಂತಾನಾದ್ರೂ ನನಗೆ ತಿಳೀಬೇಡ್ವಾ?"

ಏಕಾಂತಯ್ಯನವರು ತಾಳ್ಮೆಯಿಂದ ಹೇಳಿದರು: "ಒಂದು ಕಿಲೋಗೆ ನಿಮ್ಮ ಮೂರೂವರೆ ಕಚ್ಚಾ ಸೇರು, ಮೇಲೆ ಚೂರು. ನಲವತ್ತು ಕಿಲೋಗೆ ಮೂರೂವರೆ ಮಣದ ಮೇಲೆ ಚೂರು ತಾಯಿ."

"ಅಷ್ಟೊಂದಾ!" ಅವಳು ಕಿಟಕಿಯ ಕೆಳಗೆ ಕುಸಿದು ಕೂತಳು.

"ಬೀಗ ತೆಗೀರಿ," ಅಂದರು ಏಕಾಂತಯ್ಯನವರು. "ತಕ್ಕಡಿ ಪರೀಕ್ಷೆ ಆಗಬೇಕು. ಬೈರಪ್ಪನೇ ತೂಗಲಿ."

"ಕಳ್ಳನ ಕೈಗೆ ತಕ್ಕಡೀನಾ?"

"ಮುದ್ರೆ ಬೇಕೋ ಬೇಡ್ವೋ?"

ಬಾಗಿಲು ತೆರೆಯಿತು. ಎಲ್ಲರೂ ಮೂಗಿಗೆ ಬಟ್ಟೆ ಹಿಡಿದು ಒಳಗೆ ಹೋದೆವು. ಬೈರಪ್ಪ ಕಣ್ಣೊರೆಸಿಕೊಂಡು ಒಂದು ತಟ್ಟೆಗೆ ಐದು ಕಿಲೋ ಕಲ್ಲಿಟ್ಟ, ಇನ್ನೊಂದಕ್ಕೆ ಮೆಣಸಿನಕಾಯಿ ಸುರಿದ.

"ಲಾಭ," ಎಂದು ಎಣಿಸಿದ. "ಎರಡು… ಮೂರು… ನಾಲ್ಕು…"

ಎಂಟು ಆಯಿತು. ತೂಕ ಸರಿಯಾಗಿತ್ತು. ಈ ಹೊತ್ತಲ್ಲಿ ಇದೆಂಥ ಪರೀಕ್ಷೆ, ನಮ್ಮ ಸಾಹೇಬರಿಗೆ ಬಿಸಿಲು ನೆತ್ತಿಗೇರಿತೇನೋ ಅಂದುಕೊಂಡೆ.

"ಹನುಮಯ್ಯ, ಗುಮಾಸ್ತರ ಹೇಳಿಕೆ ಓದು."

"ಒಂದು, ಎರಡು, ಮೂರು…"

"ನಿಲ್ಲಿಸು. ಈಗ ಬೈರಪ್ಪ ಮೊದಲನೇ ತೂಕಕ್ಕೆ ಏನಂದ?"

"ಲಾಭ ಅಂದ ಸಾರ್." ಅಂದವನೇ ಬಾಯಿ ಮುಚ್ಚಿಕೊಂಡೆ.

ಏಕಾಂತಯ್ಯನವರು ಕೃಷ್ಣಯ್ಯನ ಕಡೆ ತಿರುಗಿದರು. "ತಕ್ಕಡಿ ಮುಂದೆ 'ಒಂದು' ಅಂತ ಶುರು ಮಾಡೋ ತೂಕದವನನ್ನ ನಾನು ಈ ಸೀಮೇಲಿ ಕಂಡಿಲ್ಲ. ಒಳ್ಳೇದಾಗಲಿ ಅಂತ ಲಾಭದಿಂದಲೇ ಶುರು. ಸೇರಾದ್ರೂ ಅಷ್ಟೇ, ಕಿಲೋ ಆದ್ರೂ ಅಷ್ಟೇ. ಕಚೇರೀಲಿ ಕೂತು ಬರೀ ಮೊತ್ತ ಬರಕೊಳ್ಳೋರಿಗೆ ಅದು ಗೊತ್ತಿರಲ್ಲ."

"ಕದ್ದು ತೂಗುವಾಗ… ಬೇರೆ ಥರ ಎಣಿಸಿರಬಹುದು ಸಾರ್…"

"ಜೈಲು ಕಣ್ಮುಂದೆ ಇದ್ದಾಗಲೂ ಇವನ ಬಾಯಲ್ಲಿ ಬಂದಿದ್ದು ಲಾಭವೇ. ಅಲ್ಲದೆ ಕದಿಯೋನು ಕೂಗಿ ಎಣಿಸ್ತಾನೇನ್ರೀ? ನೀವು ಏನೂ ಕೇಳಿಸಿಕೊಂಡಿಲ್ಲ. ಬೀಗದ ಕೈ ಇರೋದು ಇಬ್ಬರ ಹತ್ರ. ಸುಳ್ಳು ಹೇಳಿದ್ದು ಒಬ್ಬರು. ಚೀಲ ಎಲ್ಲಿದೆ?"

ಕೃಷ್ಣಯ್ಯ ಹಿಂದಕ್ಕೆ ಸರಿದ. ಬಾಗಿಲ ಕಡೆ ನೋಡಿದ. ಅಲ್ಲಿ ಪೊಲೀಸಿನವರು ಸೈಕಲ್ ಇಳಿಯುತ್ತಿದ್ದರು.

"ಹೇರೋಹಳ್ಳೀಲಿ… ನೆಂಟರ ಮನೇಲಿ. ಈ ಕಿಲೋ ಗಲಿಬಿಲೀಲಿ ಒಂದು ಚೀಲ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ."

ಅವನನ್ನು ಕರೆದೊಯ್ದ ಮೇಲೆ ಶಂಭುಲಿಂಗಪ್ಪನವರು ಗಂಟಲು ಸರಿಮಾಡಿಕೊಂಡರು. "ಆಯ್ತು ಬೈರಪ್ಪ, ಮನಸಲ್ಲಿಟ್ಕೋಬೇಡ. ನಾಳೆ ಬೆಳಗ್ಗೆ ಬೇಗ ಬಾರಪ್ಪ, ಮಾಲು ಬರುತ್ತೆ."

ಬೈರಪ್ಪ ತಕ್ಕಡಿಯನ್ನು ನೆಲಕ್ಕೆ ಇಳಿಸಿದ.

"ಈ ಸ್ವಾಮಿಗಳು ನನ್ನ ನೋಡಿದ್ದು ಇವತ್ತೇ, ಯಜಮಾನ್ರೇ. ನೀವು ಮೂವತ್ತು ವರ್ಷದಿಂದ ನಾನು ಲಾಭ ಅನ್ನೋದನ್ನ ದಿನಾ ಕೇಳಿದೀರಿ. ಆವಯ್ಯ 'ಒಂದು' ಅಂದಾಗ ನಿಮಗೆ ಯಾಕೆ ಹೊಳೀಲಿಲ್ಲ?"

ಬೈರಪ್ಪ ಸೊಂಟದಿಂದ ಬೀಗದ ಕೈ ಬಿಚ್ಚಿ ಚೀಲದ ಮೇಲಿಟ್ಟ. ಹೆಂಡತಿಯನ್ನು ಎಬ್ಬಿಸಿಕೊಂಡು ಮನೆಗೆ ಹೊರಟ.